ಚೆಸ್ ಪೆಟ್ಟಿಗೆ ಮತ್ತು ಐವತ್ತು ಗ್ರಾಂ ಬಟ್ಟು

ಬೀಪ್!

ಪೆಟ್ಟಿಗೆಯ ಅಂಚಿನಲ್ಲಿ ಕೆಂಪು ದೀಪ ಹೊತ್ತಿಕೊಂಡು ಅದರ ಮುಂದಿನ ನಡೆ ತೋರಿಸಿತು. ಆಡುತ್ತಿದ್ದ ಹುಡುಗಿ ಮಿಡತೆ ಬೆಚ್ಚಿಬಿದ್ದಳು. ಕಂಪ್ಯೂಟರಿನ ಕುದುರೆ ಅವಳ ಆನೆಯನ್ನು ಹೊಡೆಯಲಿದೆ!

ಆದರೆ ಕಂಪ್ಯೂಟರಿಗೆ ಕೈಯೆಲ್ಲಿದೆ? ಅದರ ಕುದುರೆಯನ್ನೂ ಅವಳೇ ನಡೆಸಬೇಕು. ತನ್ನ ಆನೆಯನ್ನು ತಾನೇ ಕೈಯಾರೆ ಎತ್ತಿ ಹೊರಗಿಡಬೇಕು. ಇದಕ್ಕಿಂತ ಹೊಟ್ಟೆ ಉರಿಸುವ ಕೆಲಸ ಇನ್ನೊಂದಿಲ್ಲ.

ಮನೆಯಲ್ಲಿಟ್ಟು ಆಡುವ ಚೆಸ್ ಕಂಪ್ಯೂಟರ್‌ಗಳು ಆಗತಾನೇ ಬಂದಿದ್ದ ಕಾಲ ಅದು. ಡಬ್ಬದ ಮೇಲೆ ‘ಚಾಂಪಿಯನ್ನರಿಗೂ ಸವಾಲು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದು ನಿಜವೋ ಬರೀ ಬಡಾಯಿಯೋ ಎಂದು ಪರೀಕ್ಷಿಸಿ ಚೆಸ್ ಪತ್ರಿಕೆಗೆ ಬರೆಯುವುದು ಅತ್ತೆಯ ಕೆಲಸ. ಅತ್ತೆಗೆ ರೇಡಿಯೊ ರಿಪೇರಿ ಅಂಗಡಿಯಿತ್ತು. ಅದರ ಹಿಂದಿನ ಕೋಣೆಯಲ್ಲಿ, ಬಿಚ್ಚಿಟ್ಟ ರೇಡಿಯೊಗಳ ನಡುವೆ, ಈ ಆಟ ನಡೆಯುತ್ತಿತ್ತು.

“ನಾನೇ ಯಾಕತ್ತೆ?” ಎಂದು ಮಿಡತೆ ಮೊದಲೇ ಕೇಳಿದ್ದಳು. ಕೂತಲ್ಲಿ ಕೂರದೆ ಕಾಲು ಕುಣಿಸುತ್ತಾಳೆಂದು ಮನೆಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು.

“ಜೋರಾಗಿ ಆಡೋರು ಇದರ ಕಷ್ಟದ ಲೆವೆಲ್ ಅಳೀತಾರೆ. ಸುಲಭದ ಎರಡನೇ ಲೆವೆಲ್‌ಗೆ ಮಕ್ಕಳು ಬೇಕು. ತಕ್ಕಡೀಲಿ ಒಂದು ಕಡೆ ಸಾಮಾನು, ಇನ್ನೊಂದು ಕಡೆ ಬಟ್ಟು ಇಡ್ತೀವಲ್ಲ? ಆ ಬಟ್ಟು ನೀನು. ನಿನ್ನ ತೂಕ ನಂಗೆ ಗೊತ್ತು. ಅದರದ್ದು ಗೊತ್ತಿಲ್ಲ.”

“ಅದೂ ಐವತ್ತು ಗ್ರಾಂ ಬಟ್ಟು!” ಎಂದು ಅಣ್ಣ ಕಿಸಕ್ಕನೆ ನಕ್ಕಿದ್ದ. “ಡಬ್ಬದ ಹತ್ರ ಸೋತ್ರೆ ಟೀಮಿಂದ ಔಟ್ ಕಣೇ!”

ಅವನೇನೋ ತಮಾಷೆಗೆ ಅಂದದ್ದು. ಮಿಡತೆಗೆ ಮಾತ್ರ ಅದು ಮನಸ್ಸಿನಲ್ಲೇ ಕೂತುಬಿಟ್ಟಿತು. ಶಾಲೆಯ ಚೆಸ್ ಟೀಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ ಅಣ್ಣನದು ಮೊದಲನೇ ಬೋರ್ಡ್, ಅವಳದು ನಾಲ್ಕನೆಯದು. ಐದನೆಯದು ಇರಲೇ ಇಲ್ಲ.

ಆ ಮೊದಲ ದಿನ ಆನೆ ಹೋಯಿತು. ಆದರೆ ಆನೆಯ ಆಸೆಗೆ ಕುದುರೆ ದೂರ ಹೋದದ್ದೇ ತಡ, ಕಂಪ್ಯೂಟರಿನ ರಾಜ ಒಂಟಿಯಾದ. ಮಿಡತೆ ಮಂತ್ರಿಯನ್ನು ಮುಂದಿಟ್ಟಳು. ಮೇಟ್! ಹೇಗೆ ಗೆದ್ದಳೋ ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಹೆದರಿಕೆಯಿಂದ ನಿನ್ನೆಯ ನಡೆಗಳನ್ನೇ ಆಡಿದಳು. ಪೆಟ್ಟಿಗೆಯೂ ನಿನ್ನೆಯ ಉತ್ತರಗಳನ್ನೇ ಕೊಟ್ಟಿತು. ಅದೇ ಕುದುರೆ, ಅದೇ ಆನೆ, ಅದೇ ಮೇಟ್. ಅವಳ ಮೈ ಜುಮ್ಮೆಂದಿತು. ಈ ಪೆಟ್ಟಿಗೆಗೆ ನಿನ್ನೆ ಎನ್ನುವುದೇ ಇಲ್ಲ!

ಮೂರನೇ ಆಟವೂ ಅದೇ, ನಾಲ್ಕನೆಯದೂ ಅದೇ. ಅಷ್ಟು ಹೊತ್ತಿಗೆ ಆ ಆಟ ಅವಳಿಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು. “ಗೆದ್ದೆ!” ಎಂದು ಕೂಗಿಕೊಂಡು ಹೊರಗೆ ಓಡಿಬರುತ್ತಿದ್ದಳು. ಅಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಐದನೇ ದಿನ ಅವನು ಶಾಲೆಯಿಂದ ಅಂಗಡಿಗೆ ಬಂದವನೇ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟ. ಯಾವತ್ತೂ ಹಾಗೆ ಇಡುವವನಲ್ಲ.

“ಆಟದ ಮೇಷ್ಟ್ರಿಗೆ ನಿನ್ನ ವಿಷಯ ಹೇಳ್ದೆ. ಬೋರ್ಡ್ ಬದಲಾಯಿಸಿದ್ರು. ನಾಳೆ ಮ್ಯಾಚಲ್ಲಿ ಮೊದಲನೇ ಬೋರ್ಡ್ ನಿಂದು.”

“ಮತ್ತೆ ನಿಂದು?”

“ಎರಡನೇದು. ಚೆನ್ನಾಗಿ ಆಡು.”

ಅಣ್ಣ ರೇಗಿಸಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

ಮೊದಲನೇ ಬೋರ್ಡೆಂದರೆ ಎದುರು ಟೀಮಿನ ಕನ್ನಡಕದ ಹುಡುಗಿ. ಹೋದ ವರ್ಷ ಅವಳ ಕೈಲಿ ಸೋತು ಅಣ್ಣ ಸೈಕಲ್ ಸ್ಟ್ಯಾಂಡಿನ ಹಿಂದೆ ಕೂತು ಅತ್ತಿದ್ದ. ಆ ಹುಡುಗಿಗೆ ನಿನ್ನೆಯೂ ನೆನಪಿರುತ್ತದೆ, ಹೋದ ವರ್ಷವೂ ನೆನಪಿರುತ್ತದೆ.

ಮಿಡತೆ ಕಾಲೆಳೆದುಕೊಂಡು ಹಿಂದಿನ ಕೋಣೆಗೆ ಹೋದಳು. ಅತ್ತೆ ಹೇಳಿದ್ದ ಐದು ಆಟಗಳಲ್ಲಿ ಇನ್ನೊಂದು ಬಾಕಿಯಿತ್ತು. ಕೈ ತಾನಾಗಿಯೇ ರಾಜನ ಮುಂದಿನ ಕಾಲಾಳಿನ ಕಡೆ ಹೋಯಿತು. ಅದನ್ನು ನಡೆಸಿದರೆ ಗೆಲುವು ಗ್ಯಾರಂಟಿ. ಆದರೆ ನಾಳೆ?

ಕೈ ಹಿಂದಕ್ಕೆಳೆದುಕೊಂಡಳು. ಕಣ್ಣು ಮುಚ್ಚಿ ಉಸಿರೆಳೆದು, ಮಂತ್ರಿಯ ಮುಂದಿನ ಕಾಲಾಳನ್ನು ನಡೆಸಿದಳು.

ಪೆಟ್ಟಿಗೆ ಸುಮ್ಮನಾಯಿತು. ಇಷ್ಟು ಹೊತ್ತು ಅದು ಯಾವತ್ತೂ ಸುಮ್ಮನಿದ್ದದ್ದಿಲ್ಲ. ಒಳಗೆ ಕೂತು ಏನು ಯೋಚಿಸುತ್ತಿದೆಯೋ! ಮಿಡತೆಯ ಕಾಲು ಮೇಜಿನಡಿ ಟಕಟಕ ಕುಣಿಯಿತು.

ಬೀಪ್!

ಆಮೇಲೆ ಪ್ರತಿ ನಡೆಗೂ ಹೆದರಿಕೆ. ಒಮ್ಮೆ ಅವಳೇ ಅದರ ಒಂಟೆಯನ್ನು ಹೊಡೆದಳು, ಖುಷಿಯಿಂದ ಕೂಗಬೇಕೆನಿಸಿತು. ಆಮೇಲೆ ಅದು ಅವಳ ಮಂತ್ರಿಯನ್ನೇ ಹೊಡೆಯಿತು. ಮಿಡತೆ ಮಂತ್ರಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಕೊನೆಗೆ ಅವಳ ರಾಜನಿಗೆ ಹೋಗಲು ಜಾಗವೇ ಉಳಿಯಲಿಲ್ಲ.

ಅವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. “ಅತ್ತೆ, ಸೋತೆ.”

ಅತ್ತೆ ರೇಡಿಯೊದಿಂದ ತಲೆಯೆತ್ತಲಿಲ್ಲ. “ಹೂಂ. ಇವತ್ತು ಆಟ ಆಡಿದೆ.”

“ಅಂದ್ರೆ... ಮೊದಲಿನ ನಾಲ್ಕು?”

“ಅದೇ ಬೀಪ್, ಅದೇ ಗ್ಯಾಪು, ಅದೇ ಬೀಪ್. ನಂಗೇನ್ ಕಿವಿ ಕೇಳಲ್ವಾ? ಎರಡನೇ ದಿನಾನೇ ಗೊತ್ತಾಯ್ತು.”

ಮಿಡತೆಯ ಮುಖ ಬಿಳಿಚಿಕೊಂಡಿತು. “ಬೈಯಲ್ವಾ?”

“ಈ ಪೆಟ್ಟಿಗೆಗಳ ಚಾಳಿನೇ ಅದು. ನಾವು ಅಳೆಯೋರು ಒಂದೇ ಥರದ ಆಟಗಳನ್ನ ಒಂದೇ ಅಂತ ಲೆಕ್ಕ ಹಿಡೀತೀವಿ. ನೀನು ಯಾವಾಗ ಆ ಆಟ ಬಿಡ್ತೀಯ ಅಂತ ಕಾಯ್ತಿದ್ದೆ.” ಅತ್ತೆ ಈಗ ಅವಳನ್ನು ನೋಡಿದರು. “ಒಂದು ಗೆಲುವು, ಒಂದು ಸೋಲು. ಸದ್ಯಕ್ಕೆ ನೀನೂ ಅದೂ ಸರಿಸಮ.”

ಸರಿಸಮ. ಅಷ್ಟೇ. ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮಿಡತೆ ಬಹಳ ದಿನದ ಮೇಲೆ ಸರಿಯಾಗಿ ಉಸಿರಾಡಿದಳು. ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಅಣ್ಣ ಪೆನ್ಸಿಲ್ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ.

“ಅಣ್ಣಾ, ಮೊದಲನೇ ಬೋರ್ಡ್ ನಿಂದೇ. ಮೇಷ್ಟ್ರಿಗೆ ನಾನೇ ಹೇಳ್ತೀನಿ. ನಂದು ನಾಲ್ಕನೇದು.”

ಅಣ್ಣ ಅವಳನ್ನೇ ನೋಡಿದ. “ಐವತ್ತು ಗ್ರಾಂ,” ಎಂದ, ಆದರೆ ಈ ಸಲ ಮೆತ್ತಗೆ.

ಒಳಗೆ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

“ಅತ್ತೆ, ಇನ್ನೊಂದು ಆಡ್ಲಾ?”

“ಯಾವ ಆಟ?”

“ನಂಗೂ ಗೊತ್ತಿಲ್ಲ,” ಎಂದು ಮಿಡತೆ ಒಳಗೆ ಹೋಗಿ ಕಾಯಿಗಳನ್ನು ಜೋಡಿಸತೊಡಗಿದಳು. ಮೇಜಿನಡಿ ಕಾಲು ಇನ್ನೂ ಕುಣಿಯುತ್ತಿತ್ತು. ಕುಣಿಯಲಿ ಎಂದು ಬಿಟ್ಟು, ಮೊದಲ ಕಾಲಾಳಿಗೆ ಕೈ ಹಾಕಿದಳು.