ಮೂತಿ ತಗ್ಗಿದ ಗಾಡಿ

"ನನಗೆ ಕನ್ನಡಕ ಬೇಡ. ಕಣ್ಣಿರೋ ಮನುಷ್ಯರು ಬೇಕು," ಎನ್ನುತ್ತಲೇ ಮೆಕ್ಯಾನಿಕ್ ಸ್ಪ್ಯಾನರ್ ಅಕ್ಕ ಅಂಗಡಿಯೊಳಗೆ ನುಗ್ಗಿದಳು. ಕೈಯಲ್ಲಿ ಇನ್ನೂ ಗ್ರೀಸು.

ನಾದಿನಿ ಒರೆಸುತ್ತಿದ್ದ ಗಾಜನ್ನು ಹಾಗೇ ಹಿಡಿದು ನಿಂತಳು. ಅಂಗಡಿ ಅತ್ತಿಗೆಯದು. ಬೀದಿಯವರ ಕಣ್ಣು ಪರೀಕ್ಷಿಸುವುದು ಅತ್ತಿಗೆಯ ಕಸುಬು. ಅವರ ಕಣ್ಣಿಗೆ ಮಣ್ಣೆರಚುವವರನ್ನು ಹುಡುಕುವುದು ಅವಳ ಚಟ. ಅಂಥ ಎಷ್ಟೋ ಹುಡುಕಾಟದಲ್ಲಿ ನಾದಿನಿ ಅವಳ ಬಾಲ ಹಿಡಿದು ಓಡಿದ್ದಳು, ಗೊಣಗುತ್ತಲೇ.

"ಕೂತು ಹೇಳು," ಎಂದಳು ಅತ್ತಿಗೆ.

ಸ್ಪ್ಯಾನರ್ ಅಕ್ಕ ಕೂರಲಿಲ್ಲ. "ಸರ್ವೇಯರ್ ಗಾಡಿ ಅಮ್ಮ. ಹಳೇ ಚಿಕ್ಕ ಎಸ್‌ಯುವಿ. ಕಲ್ಲುದಾರೀಲಿ ಓಡಿ ಓಡಿ ಮುಂದಿನ ಶಾಕ್ ಅಬ್ಸಾರ್ಬರ್ ಎರಡೂ ಎಣ್ಣೆ ಕಾರ್ತಿದ್ವು. ಕಿತ್ತು ಗುಜರಿಗೆ ಹಾಕಿ, ಗಟ್ಟಿ ಶಾಕು, ಎತ್ತರದ ಸ್ಪ್ರಿಂಗು ಕೂರಿಸಿ ಕೊಟ್ಟೆ. ಮೊನ್ನೆ ಗಾಡಿ ಗುಂಡಿಗೆ ಬಿದ್ದು ಅಡಿ ಒಡೀತು. ಮೆಕ್ಯಾನಿಕ್ ಸಂಘದ ಅಧ್ಯಕ್ಷರ ಗ್ಯಾರೇಜಲ್ಲಿ ಚಕ್ರ ಬಿಚ್ಚಿದ್ರೆ ಒಳಗೆ ಸವೆದ ಸಾಮಾನು! ನಾನು ಹಳೇದನ್ನೇ ಬಿಟ್ಟು ಹೊಸದರ ದುಡ್ಡು ನುಂಗಿದೆನಂತೆ."

"ಈಗ?"

"ನಾನಿರೋದು ಸಂಘದ ಶೆಡ್ಡು. ಇವತ್ತು ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು, ಇಲ್ಲ ಬೀಗದ ಕೈ ಕೊಡಬೇಕು."

"ಒಂದು ಮಾತು ಒಪ್ಕೊಂಡುಬಿಡಮ್ಮ," ಎಂದಳು ನಾದಿನಿ. "ಶೆಡ್ಡು ಉಳಿಯುತ್ತೆ."

"ಶೆಡ್ಡು ಉಳಿಯುತ್ತೆ, ನಾನು ಉಳಿಯಲ್ಲ. ನಾನು ಬಗ್ಗೋದು ಗಾಡಿ ಕೆಳಗೆ ಮಾತ್ರ."

ಅತ್ತಿಗೆ ನಕ್ಕಳು. "ಗಾಡಿ ಕೊಡೋ ಮುಂಚೆ ಕೊನೇ ಕೆಲಸ ಏನು ಮಾಡಿದೆ?"

"ಹೆಡ್‌ಲೈಟ್ ತಗ್ಗಿಸಿದೆ. ಹೊಸ ಸ್ಪ್ರಿಂಗಿಗೆ ಮೂತಿ ಮೇಲೆದ್ದಿತ್ತಲ್ಲ, ಹಾಗೇ ಬಿಟ್ರೆ ಎದುರಿನವರ ಕಣ್ಣು ಹೋಗುತ್ತೆ. ಯಾಕೆ?"

ಅತ್ತಿಗೆ ನಾದಿನಿಯ ಕಡೆ ತಿರುಗಿದಳು. "ಸರ್ವೇಯರ್ ಹೋದ ವಾರ ಬಂದಿದ್ದರಲ್ಲ?"

"ಕತ್ತಲಾದ್ರೆ ರಸ್ತೆ ಕಾಣಲ್ಲ ಅಂತ ಬಂದಿದ್ರು. ನೀವೇ ಪರೀಕ್ಷೆ ಮಾಡಿ, ಕಣ್ಣು ಸರಿಯಾಗಿದೆ ಅಂತ ಕಳಿಸಿದ್ರಿ."

"ನಡೀರಿ," ಎಂದು ಅತ್ತಿಗೆ ಚಪ್ಪಲಿ ಮೆಟ್ಟಿದಳು.

ಸ್ಪ್ಯಾನರ್ ಅಕ್ಕನ ಶೆಡ್ಡಿನಲ್ಲಿ, ಸಾಕ್ಷಿಗೆಂದು ಎಳೆತಂದ ಸರ್ವೇಯರ್ ಗಾಡಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಚಕ್ರಗಳನ್ನು ಮತ್ತೆ ಹಾಕಿದ್ದರು. ಪಕ್ಕದಲ್ಲಿ ಸಂಘದ ಅಧ್ಯಕ್ಷ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದ. ಸರ್ವೇಯರ್ ಮುಖ ಸಪ್ಪಗಿತ್ತು. ಅವನ ಭಾಮೈದ ಮಾತ್ರ ಮದುವೆ ಮನೆಗೆ ಬಂದವನಂತೆ ಓಡಾಡುತ್ತಿದ್ದ. ಅವನದು ಡ್ರೈವಿಂಗ್ ಸ್ಕೂಲು. ಅದೇ ಮಾದರಿಯ ಇನ್ನೊಂದು ಹಳೇ ಗಾಡಿ ನೆತ್ತಿಯ ಮೇಲೆ 'ಕಲಿಕೆ' ಬೋರ್ಡು ಹೊತ್ತು ಹೊರಗೆ ನಿಂತಿತ್ತು.

"ಬನ್ನಿ ಬನ್ನಿ, ಕನ್ನಡಕದಮ್ಮಾವ್ರೇ!" ಎಂದ ಭಾಮೈದ. "ಈ ಊರೋರಿಗೆಲ್ಲ ಒಂದೊಂದು ಕನ್ನಡಕ ಕೊಡಿ. ಲೈಟ್ ಡಿಮ್ಮಲ್ಲೇ ಇಟ್ಕೊಂಡು ಬಂದ್ರೂ ಎದುರಿನವರು ನನಗೆ ಲೈಟ್ ಹೊಡೆದು ಬೈತಾರೆ. ಹೊಟ್ಟೆಕಿಚ್ಚು!"

"ಪಾಪ," ಎಂದಳು ಅತ್ತಿಗೆ. "ಸರ್ವೇಯರ್ ಸಾಹೇಬ್ರೇ, ನಿಮಗೆ ರಸ್ತೆ ಕಾಣದಂಗಾಗಿದ್ದು ಯಾವಾಗಿಂದ?"

"ರಿಪೇರಿ ಆದ ಹೊಸದರಲ್ಲಿ ಚೆನ್ನಾಗೇ ಕಾಣ್ತಿತ್ತು. ಅಳತೆ ಕೆಲಸಕ್ಕೆ ಪರವೂರಿಗೆ ಹೋಗಿದ್ದೆ, ಗಾಡಿ ಈ ಭಾಮೈದನ ಹತ್ರ ಇತ್ತು. ವಾಪಸ್ ಬಂದ್ಮೇಲೆ ಶುರುವಾಯ್ತು. ಆ ಗುಂಡೀನೂ ಕಾಣಲಿಲ್ಲ."

ಅತ್ತಿಗೆಯ ದನಿ ಇಷ್ಟು ಮೆತ್ತಗಾದಾಗ ಯಾರಿಗೋ ಕಾದಿದೆ ಎಂದು ನಾದಿನಿಗೆ ಗೊತ್ತು.

"ಹೊರಗಿನ ಗಾಡೀನೂ ಒಳಗೆ ತನ್ನಿ. ಎರಡೂ ಗೋಡೆಯಿಂದ ಒಂದೇ ದೂರದಲ್ಲಿರಲಿ."

"ನನಗೆ ಕ್ಲಾಸಿದೆ," ಎಂದ ಭಾಮೈದ.

"ಇದೂ ಕ್ಲಾಸೇ," ಎಂದು ಸ್ಪ್ಯಾನರ್ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

ಅಧ್ಯಕ್ಷ ಗೊಣಗುತ್ತ ತಾನೇ ಗಾಡಿ ತಂದು ನಿಲ್ಲಿಸಿದ. ಶಟರ್ ಎಳೆದು ಎರಡೂ ಗಾಡಿಯ ದೀಪ ಹಾಕಿದರು. ಸರ್ವೇಯರ್ ಗಾಡಿಯ ಬೆಳಕು ಗೋಡೆಯ ಬುಡದಲ್ಲಿ ಮುದುರಿಕೊಂಡಿತು. ಭಾಮೈದನ ಗಾಡಿಯ ಬೆಳಕು ಗೋಡೆಯ ಮೇಲ್ಗಡೆ ತೂಗುಹಾಕಿದ್ದ ಅಧ್ಯಕ್ಷನ ಫೋಟೋಗೇ ಬಡಿಯಿತು.

"ನೋಡಿ," ಎಂದಳು ಅತ್ತಿಗೆ. "ಸರ್ವೇಯರ್ ಕಣ್ಣು ಸರಿಯಾಗಿದೆ. ಅಂದ್ರೆ ದೋಷ ಗಾಡಿ ಕಣ್ಣಲ್ಲಿ. ಈಕೆ ಹೊಸ ಸಾಮಾನು ಹಾಕದೆ ಬರೀ ದೀಪ ತಗ್ಗಿಸಿದ್ದಿದ್ರೆ ಮೊದಲ ದಿನದಿಂದಲೇ ರಸ್ತೆ ಕಾಣ್ತಿರಲಿಲ್ಲ. ಆದ್ರೆ ಆಗ ಚೆನ್ನಾಗಿ ಕಾಣ್ತಿತ್ತು. ಅಂದ್ರೆ ಈ ಶೆಡ್ಡಿನಿಂದ ಹೊರಟಾಗ ಮೂತಿ ಎತ್ತರವಾಗೇ ಇತ್ತು. ಆಮೇಲೆ ಮೂತಿ ಇಳೀತು, ದೀಪ ತಗ್ಗಿದ್ದು ತಗ್ಗಿದಂತೇ ಉಳೀತು."

"ನನ್ನ ಗ್ಯಾರೇಜಲ್ಲಿ ಯಾರೂ ಬದಲಿಸಿಲ್ಲ!" ಅಧ್ಯಕ್ಷ ಗುಡುಗಿದ.

"ಇಲ್ಲ. ಗಾಡಿ ನಿಮ್ಮಲ್ಲಿಗೆ ಬಂದಿದ್ದು ಗುಂಡಿಗೆ ಬಿದ್ದ ಮೇಲೆ. ದಾರಿ ಕಾಣದಾಗಿದ್ದು ಅದಕ್ಕೂ ಮುಂಚೆ. ನಡುವೆ ಗಾಡಿ ಇದ್ದಿದ್ದು ಒಬ್ಬರ ಹತ್ರ. ಅವರದೂ ಇದೇ ಗಾಡಿ, ಬೋಲ್ಟೂ ಒಂದೇ ಅಳತೆ. ಹೊಸ ಶಾಕು ಸ್ಪ್ರಿಂಗು ಸಮೇತ ಇಲ್ಲಿಂದ ಅಲ್ಲಿಗೆ, ಸವೆದದ್ದು ಅಲ್ಲಿಂದ ಇಲ್ಲಿಗೆ. ಅವರ ಗಾಡಿ ಮೂತಿ ಎದ್ದಿತು. ದೀಪ ತಗ್ಗಿಸಬೇಕು ಅನ್ನೋದು ಮಾತ್ರ ಹೊಳೀಲಿಲ್ಲ. ಅದಕ್ಕೇ ಊರೆಲ್ಲ ಬೈಗುಳ."

ಸ್ಪ್ಯಾನರ್ ಅಕ್ಕ ಆಗಲೇ ಟಾರ್ಚ್ ಹಿಡಿದು ಕಲಿಕೆ ಗಾಡಿಯ ಚಕ್ರದ ಹಿಂದೆ ತಲೆ ತೂರಿಸಿದ್ದಳು. "ಕೆಸರಿನ ಅಡಿ ಹೊಸ ಶಾಕು ಹೊಳೀತಿದೆ, ಅಧ್ಯಕ್ಷರೇ. ನೀವೇ ಬಗ್ಗಿ ನೋಡಿ."

ಅಧ್ಯಕ್ಷ ಬಗ್ಗಿ ನೋಡಿ, ಎದ್ದು ಭಾಮೈದನ ಕಡೆ ತಿರುಗಿದ.

"ಕಲಿಯೋರು ನನ್ನ ಗಾಡೀನ ಹಂಪ್ ಮೇಲೆ ಕುಣಿಸಿ ಕುಣಿಸಿ ಹಾಳು ಮಾಡಿದ್ರು ಭಾವ," ಭಾಮೈದ ಬಡಬಡಿಸಿದ. "ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ."

"ನನ್ನ ಜೀವ ಹೋಗಿದ್ರೂ ಗೊತ್ತಾಗ್ತಿರಲಿಲ್ಲ ಬಿಡು," ಎಂದ ಸರ್ವೇಯರ್. ಆಮೇಲೆ ದನಿ ಇಳಿಸಿ, "ಇದು ಮನೆ ವಿಷಯ. ನಾವೇ ನೋಡ್ಕೋತೀವಿ."

"ಅದೇ ಸರಿ," ಅಧ್ಯಕ್ಷ ತಕ್ಷಣ ಹಿಡಿದುಕೊಂಡ. "ಹೋಗ್ಲಿ ಬಿಡಮ್ಮ, ಎಲ್ಲ ಮರೆತು ಕೆಲಸ ನೋಡ್ಕೋ. ಶೆಡ್ಡು ನಿಂದೇ."

"ಕಳ್ಳಿ ಅಂದಿದ್ದು ಬೀದಿ ಬೀದೀಲಿ. ಮರೆಯೋದು ಮಾತ್ರ ಶಟರ್ ಮುಚ್ಕೊಂಡಾ?"

ಸ್ಪ್ಯಾನರ್ ಅಕ್ಕ ಎರಡೂ ಕೈಯಲ್ಲಿ ಶಟರ್ ಎತ್ತಿ ಎಸೆದಳು. ಆ ಸದ್ದಿಗೆ ಎದುರಿನ ಟೈರ್ ಅಂಗಡಿಯವರು, ಪಂಕ್ಚರ್ ಹಾಕಿಸಲು ನಿಂತವರು, ದಾರಿಹೋಕರು ಎಲ್ಲ ತಿರುಗಿದರು.

"ಈಗ ಹೇಳಿ ಅಧ್ಯಕ್ಷರೇ."

ಅಧ್ಯಕ್ಷ ಗಂಟಲು ಸರಿಮಾಡಿಕೊಂಡ. ಅತ್ತಿಗೆಯನ್ನು ನೋಡಿದ, ಸರ್ವೇಯರನ್ನು ನೋಡಿದ. ಯಾರೂ ನೆರವಿಗೆ ಬರಲಿಲ್ಲ. "ಇವಳು... ಈಕೆ ಕಳ್ಳತನ ಮಾಡಿಲ್ಲ. ತಪ್ಪು ನಮ್ಮದು," ಎಂದು ಅಂಗಿಯ ಗುಂಡಿಗೆ ಹೇಳಿದಂತೆ ಹೇಳಿದ.

"ಕೇಳಿಸಲಿಲ್ಲ!" ಎಂಬ ಕೂಗು ಹಿಂದಿನಿಂದ ಬಂತು.

ಅತ್ತಿಗೆ ಬೆರಗಾಗಿ ತಿರುಗಿದಳು. ಕೂಗಿದವಳು ನಾದಿನಿ. ಅವಳು ಸೆರಗು ಬಿಗಿದು ಟೈರಿನ ಮೇಲೆ ಹತ್ತಿ ನಿಂತಿದ್ದಳು.

"ಇನ್ನೂ ಜೋರಾಗಿ ಹೇಳ್ರೀ!"