ಕುಂಚದ ಇನ್ನೊಂದು ಕೊನೆ

"ಇದೇನೇ ಇದು?!"

ಜಾನಮ್ಮನ ಕೂಗಿಗೆ ರಾಜ್ಯದ ಗಡಿಯಾಚೆ ನೆಗಮಂನ ಆ ಕನ್ನಡ ನೇಕಾರರ ಬೀದಿ ಗಕ್ಕನೆ ನಿಂತಿತು. ಬೀದಿಯುದ್ದಕ್ಕೂ ಕೆಂಪು ಹಾಸನ್ನು, ನೇಯುವ ಮೊದಲಿನ ಉದ್ದೆಳೆಗಳನ್ನು, ಎಳೆದು ಕಟ್ಟಲಾಗಿತ್ತು. ಅನ್ನದ ಗಂಜಿ ಬಳಿದ ನೂಲಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಅದೇನು ಸಾಧಾರಣ ಹಾಸೇ? ವಿಜಯದಶಮಿಗೆ ಚೌಡಮ್ಮ ತಾಯಿಗೆ ಉಡಿಸುವ ಸೀರೆಯ ಹಾಸು! ಬೀದಿಯ ಮನೆಗಳಿಗೆ ಹನ್ನೊಂದು ವರ್ಷಕ್ಕೊಮ್ಮೆ ಬರುವ ಸರದಿ ಈ ಸಲ ಜಾನಮ್ಮನ ಮನೆಗೆ ಬಂದಿತ್ತು. ಅಂಥ ಹಾಸಿನ ಮೇಲೆ, ಗಂಜಿಗೆ ಅಂಟಿಕೊಂಡು, ಗೇಣುದ್ದದ ಒಂದು ಬಿಳಿ ಕೂದಲು!

ಗಂಜಿ ಬಳಿಯುವ ಕುಂಚದ ಇನ್ನೊಂದು ಕೊನೆ ಹಿಡಿದಿದ್ದ ಪಕ್ಕದ ಮನೆಯ ತಂಗಮ್ಮ ಬಗ್ಗಿ ನೋಡಿ ನಕ್ಕಳು. "ನಿನ್ ತಲೇದೇ ಇರ್ಬೇಕು, ಜಾನಕ್ಕಾ."

"ನನ್ ಕೂದಲು ಇಷ್ಟು ದಪ್ಪ ಇದ್ದಿದ್ರೆ ನಾನ್ಯಾಕೆ ಸವುರಿ ಇಟ್ಕೊಂಡು ಜಡೆ ಹಾಕ್ತಿದ್ದೆ?" ಎಂದು ಜಾನಮ್ಮ ಗದರಿದಳು. ಗದರುತ್ತಲೇ ಎರಡನೆಯದನ್ನು ಕಂಡಳು, ಮೂರನೆಯದನ್ನು ಕಂಡಳು. ಕೊನೆಗೆ ಕುಂಚವನ್ನೇ ತಿರುಗಿಸಿ ಬಿಸಿಲಿಗೆ ಹಿಡಿದಳು. ಒರಟು ನಾರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಕೂದಲು ಅವಳನ್ನೇ ನೋಡಿ ನಕ್ಕ ಹಾಗಿತ್ತು. ಆ ಕುಂಚ ಅವಳ ಅತ್ತೆಯ ಕಾಲದ್ದು. ಒಂದೂವರೆ ಮೊಳ ಉದ್ದ. ಹಾಸಿನ ಆಚೆಗೊಬ್ಬರು, ಈಚೆಗೊಬ್ಬರು ಎರಡು ಕೊನೆ ಹಿಡಿದು ಒಂದೇ ಹೆಜ್ಜೆಯಲ್ಲಿ ನಡೆದರೆ ಮಾತ್ರ ಗಂಜಿ ಸಮನಾಗಿ ಕೂರುತ್ತದೆ. ಆಯುಧಪೂಜೆಯಲ್ಲಿ ಕುಂಕುಮ ಇಡಿಸಿಕೊಳ್ಳುವ ವಸ್ತು ಅದು!

"ಇದು ಮನುಷ್ಯರ ಕೂದಲಲ್ಲ... ಯಾರು ಮುಟ್ಟಿದ್ದು ಇದನ್ನ?"

ಗಂಜಿಯ ಪಾತ್ರೆಯ ಪಕ್ಕದಲ್ಲಿ ನಿಂತಿದ್ದ ಸೊಸೆ ಇಂದುಜಾಳ ಕೈಯಿಂದ ಸೌಟು ಜಾರಿತು. ಸುಳ್ಳು ಹೇಳಬಹುದಿತ್ತು. ತಿಂಗಳುಗಳಿಂದ ಹೇಳಿದ್ದೆಲ್ಲ ಸುಳ್ಳೇ ತಾನೇ? ಆದರೆ ಆ ಬೆಳಗ್ಗೆ ಯಾಕೋ ಅವಳಿಗೆ ಸಾಕಾಗಿಹೋಗಿತ್ತು.

"ನಾನೇ, ಅತ್ತೆ. ಕುದುರೇದು ಅದು."

"ಕುದುರೆ?!" ಬೀದಿಗೆ ಬೀದಿಯೇ ಬಾಯಿ ತೆರೆಯಿತು.

ಓದುಗರೂ ಬಾಯಿ ತೆರೆದಿರುತ್ತೀರಿ. ನೇಕಾರರ ಮನೆಗೂ ಕುದುರೆಗೂ ಎತ್ತಣಿಂದೆತ್ತ ಸಂಬಂಧ? ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಂಟು ತಿಂಗಳ ಹಿಂದೆ ಇದೇ ಇಂದುಜಾ ಆ ಬೀದಿಯ ಕಣ್ಮಣಿ. ಏಳು ತಿಂಗಳ ಬಸುರಿಯಾಗಿದ್ದರೂ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಗುಂಡಿಮಗ್ಗದಲ್ಲಿ ಕುಳಿತು ಲಾಳಿ ಹೊಡೆದರೆ ಎದುರು ಮನೆಯವರು ಕೈಕೆಲಸ ಬಿಟ್ಟು ಕೇಳುತ್ತಿದ್ದರು. ಆ ದಿನ ಯಾರದೋ ಮದುವೆಯ ಸೀರೆ ಮಗ್ಗದ ಮೇಲಿತ್ತು. ಬೆಳಗ್ಗೆಯಿಂದ ಸೊಂಟ ಹಿಡಿಯುತ್ತಿದೆ ಎಂದು ಸೊಸೆ ಏಳಹೊರಟಾಗ, "ಇನ್ನೊಂದು ಮೊಳ, ನನ್ ಕಣ್ಣು, ಸೆರಗು ಮುಗಿಸಿ ಎದ್ದುಬಿಡು" ಎಂದವಳು ಜಾನಮ್ಮ. ಆ ಒಂದು ಮೊಳ ಮುಗಿಯಲೇ ಇಲ್ಲ. ಗುಂಡಿಯಲ್ಲೇ ನೋವು ಕಾಣಿಸಿಕೊಂಡಿತು... ಮಗು ಉಳಿಯಲಿಲ್ಲ. ಮಗ್ಗಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಆದರೆ ಮನೆಯಲ್ಲಿ ಆ 'ಇನ್ನೊಂದು ಮೊಳ'ದ ಮಾತನ್ನು ಯಾರೂ ಎತ್ತಲಿಲ್ಲ. ಆಡದೆ ಉಳಿದ ಮಾತು ಮನೆಯೊಳಗೆ ಬೇಡದ ನೆಂಟನ ಹಾಗೆ ಕೂತುಬಿಟ್ಟಿತು.

ಅಂದಿನಿಂದ ಇಂದುಜಾ ಗುಂಡಿಗೆ ಕಾಲಿಟ್ಟರೆ ಎದೆ ಬಿಗಿಯುತ್ತಿತ್ತು, ಉಸಿರು ನಿಲ್ಲುತ್ತಿತ್ತು, ಕೈ ನಡುಗಿ ನೂಲು ಹರಿಯುತ್ತಿತ್ತು. ಜಾನಮ್ಮ ಕುಂಚದ ಇನ್ನೊಂದು ಕೊನೆಯನ್ನು ಸೊಸೆಯ ಕೈಯಿಂದ ತೆಗೆದು ತಂಗಮ್ಮನಿಗೆ ಕೊಟ್ಟಳು. ಅಷ್ಟೇ ಆಗಿದ್ದರೆ ಇಂದುಜಾ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಚೌಡಮ್ಮನ ಸೀರೆಯನ್ನು ಸರದಿ ಬಂದ ಮನೆಯ ಸೊಸೆಯೇ ನೇಯಬೇಕೆಂಬುದು ಬೀದಿಯ ಕಟ್ಟಳೆ. ಸೊಸೆ ನೇಯದಿದ್ದರೆ ಸರದಿ ತಂಗಮ್ಮನ ಮನೆಗೆ ಹೋಗುತ್ತದೆ. ಅದಕ್ಕೇ ಜಾನಮ್ಮ, ಹಾಸನ್ನು ಪಾವು, ಮಗ್ಗವನ್ನು ತರಿ ಎನ್ನುವ ತನ್ನ ಬೀದಿಯ ಮಾತಿನಲ್ಲಿ, ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಪಾವು ತರಿಗೆ ಏರೋ ದಿನ ನೀನು ಕುಳೀಗೆ ಇಳೀಲಿಲ್ಲ ಅಂದ್ರೆ ನಿನ್ ಅಮ್ಮನ ಮನೆಗೆ ಹೋಗಿಬಿಡು. ಅಪ್ಪುರಂ ತಿರುಗಿ ಬರೋದೇ ಬೇಡ."

ಗಂಡ ಸೆಂದಿಲ್‌ಕುಮಾರ್ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಪರೀಕ್ಷಿಸುವವನು. ತಾಯಿ, ಹೆಂಡತಿಯ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಅವನು ಕಣ್ಣಿನ ಡಾಕ್ಟರೆಂದು ತಾಯಿಗೆ ಹೇಳಿ, ಹೆಂಡತಿಯನ್ನು ನಗರದ ಆರ್.ಎಸ್. ಪುರಂ ಬಡಾವಣೆಯ ಮನೋವೈದ್ಯರ ಬಳಿಗೆ ಕರೆದೊಯ್ದ. ಅವರು ಮಾತ್ರೆ ಬರೆದುಕೊಟ್ಟರು, ಜೊತೆಗೆ ಒಂದು ವಿಳಾಸವನ್ನೂ ಕೊಟ್ಟರು. "ಇದು ಮಂತ್ರವಲ್ಲ. ಮಾತ್ರೆಯ ಬದಲೂ ಅಲ್ಲ. ವಾರಕ್ಕೊಂದು ದಿನ ಕುದುರೆಯ ಜೊತೆ ಇದ್ದು ಬನ್ನಿ" ಎಂದರು.

ಕಿಣತ್ತುಕಡವಿನ ಹತ್ತಿರ ತೆಂಗಿನ ತೋಪಿನೊಳಗೊಂದು ಲಾಯ. ಅಲ್ಲಿ ಜನರ ಮನಸ್ಸಿನ ಭಾರ ಇಳಿಸಲು ನೆರವಾಗುವವಳು ಭೂಮಿ, ಹಾವೇರಿಯ ಹುಡುಗಿ. ಅಲ್ಲಿಯ ಬಿಳಿ ಹೆಣ್ಣುಕುದುರೆ ವೆಳ್ಳಚ್ಚಿ ಗಾಡಿ ಓಟದಲ್ಲಿ ಓಡಿ ಓಡಿ, ಚಾವಟಿ ತಿಂದು ತಿಂದು, ಕೈ ಎತ್ತಿದರೆ ಬೆದರುವಂತಾಗಿತ್ತು. ಮೊದಲ ಬುಧವಾರ ಇಂದುಜಾಳ ಕೈಗೆ ಭೂಮಿ ಅಂಗೈಯಗಲದ ಬ್ರಷ್ ಕೊಟ್ಟಳು. ಇಂದುಜಾಳ ಕೈ ನಡುಗಿತು. ಕುದುರೆಯ ಮೈಯೂ ನಡುಗಿತು.

"ಅವಳಿಗೆ ನಿಮ್ಮ ಉಸಿರು ಗೊತ್ತಾಗ್ತದ್ರೀ" ಎಂದಳು ಭೂಮಿ. "ನೀವು ಬಿಗಿಹಿಡಿದ್ರೆ ಅವಳೂ ಬಿಗಿಹಿಡೀತಾಳ. ನಿಮ್ಮ ಕೈಗೆ ಯಾವುದು ರೂಢಿ ಐತಿ, ಹಂಗ ಮಾಡ್ರಿ."

ಕೈಗೆ ರೂಢಿಯಾದದ್ದು! ಇಂದುಜಾಳ ಕೈಗೆ ರೂಢಿಯಾಗಿದ್ದದ್ದು ಒಂದೇ. ಮುಂದಿನ ಬುಧವಾರ ಹಳೆಯ ಸೀರೆಯಲ್ಲಿ ಸುತ್ತಿ ಕುಂಚವನ್ನೇ ಬಸ್ಸಿನಲ್ಲಿ ಹೊತ್ತೊಯ್ದಳು. ನೇಕಾರರ ಮನೆಯವಳಲ್ಲದೆ ಇನ್ನಾರಿಗೆ ಇಂಥ ಬುದ್ಧಿ ಬಂದೀತು? ಒಂದು ಕೊನೆ ತಾನು ಹಿಡಿದಳು, ಇನ್ನೊಂದನ್ನು ಭೂಮಿಗೆ ಕೊಟ್ಟಳು. ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಬಾಲದವರೆಗೆ, ಹಾಸಿನ ಮೇಲೆ ಗಂಜಿ ಎಳೆದ ಹಾಗೆ ಒಂದೇ ಉಸಿರಿನಲ್ಲಿ ನಿಧಾನವಾಗಿ ಎಳೆದಳು. ವೆಳ್ಳಚ್ಚಿ ಕಿವಿ ಇಳಿಬಿಟ್ಟು ದೀರ್ಘವಾಗಿ ನಿಟ್ಟುಸಿರಿಟ್ಟಿತು. ಅದರ ಹಿಂದೆಯೇ ಇಂದುಜಾಳಿಗೂ ತಿಂಗಳುಗಳ ನಂತರ ಪೂರ್ತಿ ಉಸಿರು ಬಂತು... ಅವಳು ಅಲ್ಲೇ ನಿಂತು ಮನಸಾರೆ ಅತ್ತಳು. ಹೀಗೆ ಕಣ್ಣಿನ ಡಾಕ್ಟರ ನೆಪದಲ್ಲೇ ಹದಿನಾಲ್ಕು ಬುಧವಾರಗಳು ಕಳೆದವು. ಪ್ರತಿಸಲವೂ ಕುಂಚವನ್ನು ಬೇವಿನ ನೀರಿನಲ್ಲಿ ತೊಳೆದು ಅಟ್ಟಕ್ಕೇರಿಸುತ್ತಿದ್ದಳು. ನಾರಿನ ಬುಡದಲ್ಲಿ ಕೂದಲು ಉಳಿದದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಇಷ್ಟನ್ನೂ ಅವಳು ಬೀದಿಯ ನಡುವೆ ನಿಂತು ಹೇಳಿದಳು. ತಿರುಪ್ಪೂರಿಗೆ ಹೊರಟು ಕೈಯಲ್ಲಿ ಬುತ್ತಿ ಹಿಡಿದಿದ್ದ ಸೆಂದಿಲ್‌ಕುಮಾರ್ ಮೊದಲ ಸಲ ತಾಯಿಯ ಎದುರಿಗೆ ಬಂದು ನಿಂತ. "ಕರ್ಕೊಂಡ್ ಹೋದವನು ನಾನೇ, ಅಮ್ಮಾ. ಬೈಯೋದಾದ್ರೆ ನನ್ನ ಬೈಯಿ."

ಜಾನಮ್ಮ ಮಗನ ಕಡೆ ನೋಡಲೇ ಇಲ್ಲ. ಮಾನ ಹೋಯಿತೆಂದು ಗೋಳಾಡುತ್ತಾಳೆ, ಸೊಸೆಯ ಪೆಟ್ಟಿಗೆಯನ್ನು ಬೀದಿಗೆ ಎಸೆಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಕೇಳಿದ್ದೇ ಬೇರೆ.

"ಇನ್ನೊಂದು ಕೊನೆ... ಇನ್ನೊಂದು ಕೊನೆ ಯಾರು ಹಿಡ್ಕೊಂಡಿದ್ರು?"

"ಭೂಮಿ ಅಂತ, ಅತ್ತೆ."

"ನನ್ ಅತ್ತೆ ಕುಂಚ... ಯಾವೂರವಳೋ ಹಿಡ್ಕೊಂಡಳಾ! ನಡಿ. ಈಗಲೇ ನಡಿ. ಅವಳ ಮುಖ ನಾನು ನೋಡ್ಬೇಕು!"

ಬಸ್ಸಿನಲ್ಲಿ ಅತ್ತೆ ಮುಂದೆ ಕೂತಳು, ಸೊಸೆ ಹಿಂದೆ. ಕುಂಚ ಜಾನಮ್ಮನ ಮಡಿಲಲ್ಲಿತ್ತು. ಅದು ಇನ್ನು ತನ್ನ ಕೈಗೆ ಬರುವುದಿಲ್ಲವೆಂದೇ ಇಂದುಜಾ ಎಣಿಸಿದಳು. ಸಂಜೆಯೊಳಗೆ ತವರಿನ ಬಸ್ಸು ಹತ್ತಬೇಕಾದೀತು ಎಂದು ಎಣಿಸಿದಳು. ಆದರೂ ಅವಳ ಎದೆ ಬಿಗಿಯಲಿಲ್ಲ. ಅದೇ ಅವಳಿಗೆ ಆಶ್ಚರ್ಯವಾಯಿತು.

ಲಾಯಕ್ಕೆ ಕಾಲಿಟ್ಟವಳೇ ಜಾನಮ್ಮ ಭೂಮಿಯ ಮೇಲೆ ಹರಿಹಾಯ್ದಳು. "ದೇವರ ಸಾಮಾನು ಅಂತ ಗೊತ್ತಿಲ್ವಾ ನಿನಗೆ? ಕುದುರೆ ತಿಕ್ಕೋಕೆ ನಮ್ಮನೆ ಕುಂಚಾನೇ ಬೇಕಿತ್ತಾ?" ಆ ದನಿಗೆ ವೆಳ್ಳಚ್ಚಿ ಕಣ್ಣಗಲಿಸಿ, ಹಿಂದೆ ಸರಿದು, ಗೋಡೆಗೆ ಒತ್ತಿಕೊಂಡಿತು. ಮೈಯೆಲ್ಲ ಗಡಗಡ ನಡುಕ.

ಜಾನಮ್ಮ ಅಲ್ಲಿಗೇ ತಡೆದು ನಿಂತಳು. ಆ ನಡುಕವನ್ನು ಅವಳು ಕಂಡಿದ್ದಳು. ಎಂಟು ತಿಂಗಳಿಂದ ಪ್ರತಿದಿನ, ತನ್ನ ಮನೆಯ ಗುಂಡಿಮಗ್ಗದ ಅಂಚಿನಲ್ಲಿ ಕಂಡಿದ್ದಳು.

ಇಂದುಜಾ ಮುಂದೆ ಬಂದು ಅವಳ ಕೈಯಿಂದ ಕುಂಚವನ್ನು ತೆಗೆದುಕೊಂಡಳು. ಕೇಳಲೂ ಇಲ್ಲ, ಹೆದರಲೂ ಇಲ್ಲ. ಒಂದು ಕೊನೆಯನ್ನು ತಾನು ಹಿಡಿದು ಇನ್ನೊಂದನ್ನು ಚಾಚಿದಳು.

"ಹಿಡ್ಕೊಳಿ, ಅತ್ತೆ."

"ನಾನಾ?"

"ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ನೀವೇ ಕಲಿಸಿದ್ದು."

ನಲವತ್ತು ವರ್ಷದ ರೂಢಿ! ತಲೆ ಬೇಡವೆನ್ನುವ ಮೊದಲೇ ಜಾನಮ್ಮನ ಕೈ ಹಿಡಿದುಬಿಟ್ಟಿತ್ತು. ಆಚೆಗೆ ಅತ್ತೆ, ಈಚೆಗೆ ಸೊಸೆ, ನಡುವೆ ಬಿಳಿಯ ಬೆನ್ನು. ಒಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಹತ್ತನೆಯದೋ ಹನ್ನೆರಡನೆಯದೋ ಎಳೆತಕ್ಕೆ ಕುದುರೆಯ ನಡುಕ ನಿಂತಿತು. ಅದು ಮೆಲ್ಲಗೆ ತಿರುಗಿ, ತನ್ನ ಭಾರವಾದ ತಲೆಯನ್ನು ಜಾನಮ್ಮನ ಹೆಗಲ ಮೇಲಿಟ್ಟು ಬೆಚ್ಚಗೆ ಉಸಿರು ಬಿಟ್ಟಿತು.

ಆ ಉಸಿರಿಗೆ ಮುದುಕಿಯ ದುಃಖದ ಕಟ್ಟೆಯೊಡೆಯಿತು.

"ಇನ್ನೊಂದು ಮೊಳ ಅಂತ ಹೇಳಿದವಳು ನಾನು... ಎದ್ದೇಳು ಅಂತ ಹೇಳ್ಬೇಕಿತ್ತು... ನಾನು ಹೇಳ್ಲಿಲ್ಲ ಕಣ್ಣು... ನಿನ್ನ ತರಿ ಹತ್ರ ನೋಡಿದ್ರೆ ನಂಗೆ ಅದೇ ನೆನಪಾಗ್ತಿತ್ತು. ಅದಕ್ಕೇ ಮನೆಯಿಂದಾನೇ ಕಳಿಸಿಬಿಡೋಣ ಅಂದ್ಕೊಂಡೆ... ಪಾಪಿ ನಾನು, ಪಾಪಿ!"

ಇಂದುಜಾ ಪರವಾಗಿಲ್ಲ ಎಂದು ಹೇಳಲಿಲ್ಲ. ಪರವಾಗಿಲ್ಲ ಎನ್ನುವಂಥ ಮಾತಾಗಿರಲಿಲ್ಲ ಅದು. ಆಮೇಲೆ ಕುದುರೆಯ ಬೆನ್ನಿನ ಮೇಲಿಂದ ಕೈ ಚಾಚಿ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಗುಂಡಿಗೆ ಇಳಿದಾಗೆಲ್ಲ ಆ ಮಾತು ನಂಗೂ ಕೇಳ್ತಿತ್ತು, ಅತ್ತೆ. ಒಂದ್ ಸಲ ನೀವಾಗೇ ಹೇಳಲಿ ಅಂತ ಕಾಯ್ತಿದ್ದೆ. ಈಗ ಹೇಳಿದ್ರಲ್ಲ... ನಾಳೆ ಪಾವು ಏರಿಸಿ. ನಾನು ಕೂರ್ತೀನಿ."

ಮರುದಿನ ಬೆಳಗ್ಗೆ ಮನೆಯ ಮುಂದೆ ಬೀದಿಯೇ ನೆರೆದಿತ್ತು. ಕೆಲವರು ಹರಸುವುದಕ್ಕೆ, ಕೆಲವರು ಬೀಳುವುದನ್ನು ನೋಡುವುದಕ್ಕೆ. ಊರ ಕಣ್ಣಿಗೆ ಪರದೆ ಕಟ್ಟಲಾದೀತೇ? ಇಂದುಜಾ ಗುಂಡಿಗೆ ಕಾಲಿಟ್ಟಳು. ಎದೆ ಬಿಗಿಯಿತು. ಹಳೆಯ ನಡುಕ ಬೆರಳ ತುದಿಗೆ ಬಂತು... ತಂಗಮ್ಮ ಗಂಟಲು ಸರಿಮಾಡಿಕೊಂಡಳು.

ಅಷ್ಟರಲ್ಲಿ ಬೆನ್ನಿನ ಮೇಲೊಂದು ಕೈ ಬಿತ್ತು. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಜಾನಮ್ಮ ಸೊಸೆಯ ಕುತ್ತಿಗೆಯಿಂದ ಸೊಂಟದವರೆಗೆ, ನಿನ್ನೆ ಕುದುರೆಗೆ ಎಳೆದ ಹಾಗೆಯೇ, ನಿಧಾನವಾಗಿ ಕೈಯೆಳೆದಳು. "ಅವಸರ ಇಲ್ಲ, ಕಣ್ಣು. ಬೇಕು ಅಂದಾಗ ಎದ್ದುಬಿಡು. ಒಂದು ಎಳೆ ಸಾಕು ಇವತ್ತಿಗೆ."

ಇಂದುಜಾ ಕಣ್ಣು ಮುಚ್ಚಿದಳು. ಉಸಿರು ಒಳಗೆ ಬಂತು, ಪೂರ್ತಿ ಹೊರಗೆ ಹೋಯಿತು. ಪಾದ ಮಗ್ಗದ ಮೆಟ್ಟುಹಲಗೆಯನ್ನು ಒತ್ತಿತು.

ಟಕ್!

ಲಾಳಿ ಆಚೆಗೆ ಹೋಯಿತು. ಈಚೆಗೆ ಬಂತು. ಟಕ್... ಟಕ್... ಟಕ್! ಎಂಟು ತಿಂಗಳ ಮೌನವನ್ನು ಸೀಳಿಕೊಂಡು ಆ ಸದ್ದು ಬೀದಿಯ ಆ ತುದಿಯವರೆಗೂ ಓಡಿತು. ಎದುರು ಮನೆಯಲ್ಲಿ ಕೈಕೆಲಸ ನಿಂತಿತು. ತಿರುಪ್ಪೂರಿನ ಬಸ್ಸು ಬಿಟ್ಟರೂ ಬಿಡಲಿ ಎಂದು ಬಾಗಿಲಲ್ಲೇ ನಿಂತಿದ್ದ ಸೆಂದಿಲ್‌ಕುಮಾರ್ ಮಗುವಿನ ಹಾಗೆ ಅತ್ತುಬಿಟ್ಟ. ಜಾನಮ್ಮ ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಹೊರಗೆ ನೆರೆದವರಿಗೆ ಕೇಳುವ ಹಾಗೆ ಕೂಗಿದಳು: "ಕೇಳಿಸ್ತಾ? ನಮ್ಮ ಸೊಸೆ ಕೂತಿದ್ದಾಳೆ!"

ವಿಜಯದಶಮಿಯ ದಿನ ಕೆಂಪು ಸೀರೆ ತಟ್ಟೆಯಲ್ಲಿ ಹೊರಟಿತು. ಹಿಂದಿನ ಹದಿನೈದು ದಿನ ಅತ್ತೆ, ಸೊಸೆ ಕೂತು ಹಾಸಿನಿಂದ ಒಂದೊಂದೇ ಕೂದಲು ಆರಿಸಿ ತೆಗೆದಿದ್ದರು. ಆದರೂ ತಂಗಮ್ಮನ ಕಣ್ಣು ತಂಗಮ್ಮನ ಕಣ್ಣೇ. ಸೆರಗಿನ ಅಂಚಿನಲ್ಲಿ ಬೆರಳಿಟ್ಟಳು.

"ಜಾನಕ್ಕಾ, ಇಲ್ಲೊಂದು ಉಳಿದಿದೆಯಲ್ಲಾ!"

ಜಾನಮ್ಮ ಬಗ್ಗಿ ನೋಡಿದಳು. ಕೆಂಪಿನ ನಡುವೆ ಗೇಣುದ್ದದ ಬಿಳಿಯ ಗೆರೆ.

"ನೋಡಿದ್ದೀನಿ" ಎಂದಳು. "ಇರಲಿ ಬಿಡು. ಈ ಸೀರೆ ನೇಯೋಕೆ ಆ ವೆಳ್ಳಚ್ಚೀನೂ ಕೈ ಜೋಡಿಸಿದ್ದಾಳೆ."

ಅಟ್ಟದ ಮೇಲೆ ಈಗ ಎರಡು ಕುಂಚಗಳಿವೆ. ಹೊಸದನ್ನು ಜಾನಮ್ಮನೇ ಹೇಳಿ ಮಾಡಿಸಿದ್ದು, ವೆಳ್ಳಚ್ಚಿಗೆಂದು. ಬುಧವಾರ ಬಂದರೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದಲ್ಲಿ ಅವಳೇ ಮೊದಲು ನಿಂತಿರುತ್ತಾಳೆ. ಸೊಸೆ ಬರುವುದು ಎರಡು ನಿಮಿಷ ತಡವಾದರೂ ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ: "ಇಂದುಜಾ! ಬೇಗ ಬಾರೇ... ಇನ್ನೊಂದು ಕೊನೆ ಯಾರು ಹಿಡೀತಾರೆ?"