ಎರಡನೇ ಸಲ ಕೇಳದ ಮಾಸ್ತರ

ಬೀದರದ ಆಸ್ಪತ್ರೆಯಲ್ಲಿ ಆವತ್ತು ಸ್ಪ್ಯಾನಿಷ್ ಕ್ಲಾಸಿನ ಕೊನೆಯ ದಿನ. ಸೋಮವಾರ ಸ್ಪೇನಿನ ಕಣ್ಣಿನ ಡಾಕ್ಟರುಗಳು ಕ್ಯಾಂಪಿಗೆ ಬರುವವರಿದ್ದರು. ಅವರೊಂದಿಗೆ ಮರ್ಯಾದೆಯ ನಾಲ್ಕು ಮಾತಾಡಲು ನರ್ಸುಗಳಿಗೆ ಕಲಿಸುತ್ತಿದ್ದವನು ಔರಾದದ ರೂಬೆನ. ನಕ್ಕರೆ ಎಡಗೆನ್ನೆಯಲ್ಲಿ ಸಣ್ಣ ಗುಳಿ. ಆ ಗುಳಿ ನೋಡುತ್ತ ಭಾಲ್ಕಿಯ ನರ್ಸ್ ಪ್ರಿಸಿಲ್ಲಾ ಎಷ್ಟು ಪಾಠ ಕಳೆದುಕೊಂಡಳೋ ದೇವರಿಗೇ ಗೊತ್ತು.

"ಪ್ಲೀಸ್ ಅನ್ಲಿಕ್ಕ?"

"ಪೋರ್ ಫಾವೋರ್‌ರಿ ಸರ್."

"ವಿತ್ ಪ್ಲೆಷರ್?"

"ಕೊನ್ ಮುಚೊ ಗುಸ್ತೊ."

"ಚಹಾ ಕುಡೀತೀರೇನು ಅಂತ ಡಾಕ್ಟರು ಕೇಳಿದ್ರ?"

"ನೋ, ಗ್ರಾಸಿಯಾಸ್" ಎಂದಳು ಪ್ರಿಸಿಲ್ಲಾ. ಕ್ಲಾಸೆಲ್ಲ ನಕ್ಕಿತು.

"ಮತ್ತ ಅದ ಬ್ಯಾಡ ಅನ್ನೂ ಮಾತು. ಬೇಕಂದ್ರ ಬೇಕನ್ರಿ ಸಿಸ್ಟರ್. ಅವ್ರು ಎರಡನೇ ಸಲ ಕೇಳಂಗಿಲ್ಲ."

ಅವಳಾದರೂ ಏನು ಮಾಡಿಯಾಳು? ಭಾಲ್ಕಿಯ ಅವಳ ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಅಂದರೆ ಹಸಿದು ಬಂದವರಂತೆ ಕಾಣುತ್ತದೆ. ಮೊದಲು ಬ್ಯಾಡ ಅನ್ನಬೇಕು, ಎದುರಿನವರು ಒತ್ತಾಯ ಮಾಡಬೇಕು, ಆಮೇಲೆ ಕಪ್ಪು ಕೈಗೆ ಬರಬೇಕು.

ಎಲ್ಲರೂ ಹೋದಮೇಲೆ ರೂಬೆನ ಬೋರ್ಡು ಒರೆಸುತ್ತ, ಮುಖ ತಿರುಗಿಸದೆ ಕೇಳಿದ. "ಪ್ರಿಸಿಲ್ಲಾ, ನನ್ನ ಮದುವಿ ಆಗ್ತೀರೇನ್ರಿ?"

ಖುಷಿಗೆ ಅವಳ ಕಾಲು ನೆಲದ ಮೇಲಿರಲಿಲ್ಲ. ಹಾಳಾದ ಬಾಯಿ ಮಾತ್ರ ರೂಢಿಯಂತೆ, "ಬ್ಯಾಡರಿ" ಅಂದುಬಿಟ್ಟಿತು.

"ಆಯ್ತರಿ. ತ್ರಾಸ ಕೊಟ್ಟೆ, ಮಾಫ್ ಮಾಡ್ರಿ" ಎಂದವನೇ ಹೊರಟುಹೋದ.

ಈಗ ಬಂದಾನು, ಇನ್ನೊಮ್ಮೆ ಕೇಳಿಯಾನು ಎಂದು ಅವಳು ನಿಂತೇ ಇದ್ದಳು. ಬಂದದ್ದು ಗೆಳತಿ ಎಲೀನಾ.

"ಮಾಸ್ತರು ಯಾಕ ಮಾರಿ ಸಪ್ಪಗ ಮಾಡ್ಕೊಂಡು ಹೋದ್ರು? ಐತ್ವಾರ ಕಮಲನಗರಕ್ಕ ಹೆಣ್ಣು ನೋಡ್ಲಿಕ್ಕ ಬರ್ತೇನಿ ಅಂತ ಅವ್ರ ಅವ್ವಗ ಫೋನ್‌ದಾಗ ಹೇಳ್ಲಿಕತ್ತಿದ್ರು."

ಪ್ರಿಸಿಲ್ಲಾ ಓಡಿದಳು. ಸಿಕ್ಕ ಆಟೋ ಹತ್ತಿ ಬಸ್ ಸ್ಟ್ಯಾಂಡು ಮುಟ್ಟಿದಾಗ ಔರಾದ ಬಸ್ಸಿನ ಇಂಜಿನ್ ಆಗಲೇ ಗುರ್ ಅನ್ನುತ್ತಿತ್ತು. ಕಿಟಕಿಯ ಪಕ್ಕ ರೂಬೆನ ಕೂತಿದ್ದ.

"ಎರಡನೇ ಸಲ ಯಾಕ ಕೇಳಲಿಲ್ರಿ?" ಏದುಸಿರಿನಲ್ಲೇ ಕೇಳಿದಳು.

"ಬ್ಯಾಡಂದ್ರಲ್ಲರಿ."

"ಚಹಾಕ್ಕೂ ಬ್ಯಾಡಂತೇನಿ. ಕುಡಿಯಂಗಿಲ್ಲೇನು?"

"ಅಕ್ಕಾ, ಹತ್ತೂದಿದ್ರ ಹತ್ರಿ" ಎಂದ ಕಂಡಕ್ಟರ್.

ಬಸ್ಸಿಗೆ ಬಸ್ಸೇ ಕಿವಿಗೊಟ್ಟು ಕೂತಿತ್ತು. ಅವನು ಮತ್ತೆ ಕೇಳಲೆಂದು ಕಾಯುವಷ್ಟು ಪುರುಸೊತ್ತು ಇರಲಿಲ್ಲ. ನಾಚಿಕೆಯಿಂದ ಕಿವಿ ಕೆಂಪಾದರೂ ಪ್ರಿಸಿಲ್ಲಾ ಕಿಟಕಿಯ ಸರಳು ಹಿಡಿದು ಹೇಳಿಯೇ ಬಿಟ್ಟಳು. "ನನಗ ನೀವು ಬೇಕರಿ. ಈಗ ನಾನ ಕೇಳ್ತೇನಿ. ನನ್ನ ಮದುವಿ ಆಗ್ತೀರೇನು?"

ರೂಬೆನ ಬ್ಯಾಗು ಹಿಡಿದು ಇಳಿದ. ಎದುರು ಬಂದು ನಿಂತು, ತುಟಿಯಂಚಿನಲ್ಲಿ ನಗು ತಡೆಯುತ್ತ ಅವಳನ್ನೇ ನೋಡಿದ.

"ಮೊದಲ ಸಲಕ್ಕ ನಾನೂ ಬ್ಯಾಡ ಅನ್ಬೇಕೇನ್ರಿ?"

"ಅಂದು ನೋಡ್ರಿ."

ಅವನು ಅನ್ನಲಿಲ್ಲ. ಬಸ್ಸು ಅವನನ್ನು ಬಿಟ್ಟು ಹೊರಟಿತು. ಅವಳ ಕಣ್ಣಿನಿಂದ ಕಣ್ಣು ತೆಗೆಯದೆ ಮನೆಗೆ ಫೋನ್ ಹಚ್ಚಿದ.

"ಅವ್ವಾ, ಐತ್ವಾರ ಕಮಲನಗರಕ್ಕ ಬ್ಯಾಡ. ಭಾಲ್ಕಿಗಿ ಹೋಗೂಣು."